ತವರುಮನೆ ಹಿತ್ತಾಳೆ, ತಾಮ್ರ ಹಿಸ್ಸೆಗೆ ಬಂತು: ಬಳಸೋದಾ, ಇಡೋದಾ, ತೂಕಕ್ಕೆ ಹಾಕೋದಾ?

ತೋಟದಮನೆ ತಂಗಿ:
ಎಲ್ರಿಗೂ ನಮಸ್ಕಾರ. ಹೊಸನಗರದ ಹತ್ರ ನಮ್ಮ ತವರಲ್ಲಿ ಹಿಸ್ಸೆ ಆಯ್ತು. ತೋಟ ಗದ್ದೆ ಅಣ್ಣಂದಿರು ಹಂಚ್ಕೊಂಡ್ರು, ಪಾತ್ರೆ ಯಾರಿಗೂ ಬೇಡ, ಅತ್ತಿಗೆಯರಿಗಂತೂ ತಿಕ್ಕೋ ಕೆಲಸ ನೆನೆಸ್ಕೊಂಡ್ರೇ ತಲೆನೋವು, ಕೊನೆಗೆ ನಾನೇ ಒಂದು ಪಿಕಪ್ ಮಾಡ್ಸಿ ಶಿವಮೊಗ್ಗಕ್ಕೆ ತಂದೆ. ಈಗ ವಿನೋಬನಗರದ ನಮ್ಮ ಹಾಲಲ್ಲಿ ಕಾಲಿಡೋಕೆ ಜಾಗ ಇಲ್ಲ. ದೊಡ್ಡ ತಾಮ್ರದ ಹಂಡೆ, ಹಿತ್ತಾಳೆ ಕೊಡಗಳು, ತಪ್ಪಲೆಗಳು, ಗಿಂಡಿ, ಹರಿವಾಣ, ಕಂಚಿನ ಬಟ್ಟಲು, ಕಾಲುದೀಪದ ಜೋಡಿ, ಸೇರು ಪಾವು, ಸುಣ್ಣದ ಡಬ್ಬಿ, ಇನ್ನೊಂದಿಷ್ಟು ಎಂತಕ್ಕೆ ಬಳಸ್ತಿದ್ರು ಅಂತ ಅಮ್ಮನ್ನೇ ಕೇಳ್ಬೇಕು.

ನನ್ನ ತಲೆ ತಿಂತಿರೋದು ಏನಂದ್ರೆ, ತಪ್ಪಲೆ ಒಳಗಡೆ ಅಲ್ಲಲ್ಲಿ ಹಸಿರು ಕಿಲುಬು ಕಟ್ಟಿದೆ, ಅದ್ರಲ್ಲಿ ಅಡುಗೆ ಮಾಡ್ಬಹುದಾ? ಎಲ್ಲಾನೂ ಫಳಫಳ ಹೊಳೆಸ್ಬೇಕಾ ಅಥವಾ ಹಾಗೇ ಬಿಡೋದಾ? ಮತ್ತೆ ಒಂದು ವಿಚಿತ್ರ. ಕೊಟ್ಟಿಗೆ ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಕವುಚಿ ಇಟ್ಟಿದ್ದ ಹಿತ್ತಾಳೆ ಕೊಡಗಳ ಕಂಠದಲ್ಲಿ ಸಣ್ಣ ಸಣ್ಣ ಬಿರುಕು. ಯಾರೂ ಬೀಳಿಸಿಲ್ಲ, ಮುಟ್ಟಿದವರೇ ಇಲ್ಲ. ಅದೇ ಅಟ್ಟದಲ್ಲಿದ್ದ ಕಾಲುದೀಪಕ್ಕೆ ಏನೂ ಆಗಿಲ್ಲ, ತಾಮ್ರದ ಹಂಡೆಗೂ ಏನಿಲ್ಲ. ಅಮ್ಮ ಯಾರದೋ ಕಣ್ಣು ಬಿದ್ದಿದೆ ಅಂತಾರೆ. ನಮ್ಮನೆಯವ್ರು ಗುಜರಿಗೆ ಹಾಕು ಅಂತಾರೆ. ನೀವೆಲ್ಲ ಏನಂತೀರಿ?

ಗಾಂಧಿಬಜಾರ್ ಗಿರಾಕಿ:
ಗುಜರಿಗೆ ಹಾಕೋ ದಿನ ಒಂದು ಮಾತು ಹೇಳಿ ಮೇಡಂ, ಕೆಜಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟು ನಾನೇ ಹೊತ್ಕೊಂಡು ಹೋಗ್ತೀನಿ.

ಶೃಂಗೇರಿ ಸೊಸೆ:
ಅಯ್ಯೋ ಮಾರ್ಬೇಡಿ ಅಕ್ಕಾ!! ನಮ್ಮತ್ತೆ ಮನೇಲಿ ಸ್ಟೀಲ್ ಹುಚ್ಚು ಹಿಡಿದ ಕಾಲದಲ್ಲಿ ಊರಿಗೆ ಬರ್ತಿದ್ದ ಪಾತ್ರೆ ವ್ಯಾಪಾರಿಗೆ ಕಂಚಿನ ಗಂಗಾಳ ಎಲ್ಲ ಕೊಟ್ಟು ಸ್ಟೀಲ್ ಡಬ್ಬ ತಗೊಂಡಿದ್ರಂತೆ, ಈಗ್ಲೂ ಆ ಡಬ್ಬ ಕಂಡ್ರೆ ಮಾವ ರೇಗ್ತಾರೆ. ತಿಕ್ಕೋಕೆ ಹುಣಸೆಹಣ್ಣು ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿಡಿ, ಬೆಳಿಗ್ಗೆ ತೆಂಗಿನ ನಾರಲ್ಲಿ ಉಜ್ಜಿದ್ರೆ ಚಿನ್ನ ಚಿನ್ನ.

ಭದ್ರಾವತಿ ಬಾಯ್ಲರ್:
ರಾತ್ರಿಯಿಡೀ ನೆನೆಸೋದು ಬೇಡ. ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು ಸೇರಿಸಿದ್ದು. ಹುಳೀಲಿ ತುಂಬಾ ಹೊತ್ತು ಇಟ್ರೆ ಮೇಲ್ಮೈಯಿಂದ ಸತು ಕರಗಿ ಹೋಗತ್ತೆ, ತಾಮ್ರ ಉಳಿಯತ್ತೆ. ತೊಳೆದ ಮೇಲೆ ಅಲ್ಲಲ್ಲಿ ಗುಲಾಬಿ ಬಣ್ಣದ ಮಚ್ಚೆ ಕಾಣೋದು ಅದಕ್ಕೇ. ಹುಣಸೆಹಣ್ಣು ಹಚ್ಚಿ, ಉಜ್ಜಿ, ಕೂಡ್ಲೇ ತೊಳೀರಿ. ಆಮೇಲೆ ಜರಡಿ ಹಿಡಿದ ಬೂದೀಲಿ ಇನ್ನೊಂದು ಸಲ ತಿಕ್ಕಿ ಬಟ್ಟೇಲಿ ಒರೆಸಿಡಿ. ನೀರು ಹನಿ ನಿಂತ್ರೆ ಮಳೆಗಾಲದಲ್ಲಿ ಮೂರೇ ದಿನಕ್ಕೆ ಕಪ್ಪು.

ಶೃಂಗೇರಿ ಸೊಸೆ:
ಹಾಂ ಗುಲಾಬಿ ಮಚ್ಚೆ! ನಮ್ಮನೆ ಆರತಿ ತಟ್ಟೇಲಿ ಇದೆ ಅದು. ನಾನು ಅಂಗಡಿಯವನು ತಾಮ್ರಕ್ಕೆ ಹಿತ್ತಾಳೆ ಬಣ್ಣ ಬಳಿದು ಮೋಸ ಮಾಡಿದಾನೆ ಅಂತ ಜಗಳಕ್ಕೆ ಹೊರಟಿದ್ದೆ.

ಕೊಪ್ಪದ ಕಾಫಿಗಿಡ:
ನಮ್ಮಲ್ಲಿ ಬಿಂಬುಳಿ ಬಳಸ್ತೀವಿ, ಹುಣಸೆಗಿಂತ ಚಂದ. ವಾಟೆಹುಳಿ ಆದ್ರೂ ನಡೀತದೆ. ಅಂಗಡಿ ಪುಡಿ ಎಂತಕ್ಕೆ ಮಾರಾಯ್ರೆ ಹಿತ್ತಲಲ್ಲಿ ಬಿದ್ದು ಕೊಳೀತಿರೋವಾಗ.

ಭದ್ರಾವತಿ ಬಾಯ್ಲರ್:
ತಂಗಿಯವ್ರೆ, ನನಗೆ ಆ ಬಿರುಕಿನದೇ ಕುತೂಹಲ. ನಾನು ಕಾರ್ಖಾನೆ ಲ್ಯಾಬಲ್ಲಿ ಲೋಹ ಪರೀಕ್ಷೆ ಮಾಡ್ಕೊಂಡೇ ರಿಟೈರ್ ಆದವನು. ಆ ಅಟ್ಟದ ಕೆಳಗೆ ದನ ಕಟ್ತಿದ್ರಾ? ಬಿರುಕು ಕಂಠದಿಂದ ಕೆಳಗೆ ಉದ್ದಕ್ಕೆ ಹೋಗಿದ್ಯಾ? ಕೊಡ ತಗಡು ಬಡಿದು ಮಾಡಿದ್ದಾ, ಕಾಲುದೀಪ ಎರಕದ್ದಾ?

ತೋಟದಮನೆ ತಂಗಿ:
ಹೌದು ಸರ್, ಕೆಳಗೆ ಕೊಟ್ಟಿಗೆ ತುಂಬಾ ದನ, ಹೋದ ವರ್ಷದವರೆಗೂ ಇತ್ತು. ಬಿರುಕು ಉದ್ದಕ್ಕೇ ಇದೆ, ಕೂದಲೆಳೆ ಹಾಗೆ. ಕೊಡದ ಮೇಲೆ ಸುತ್ತಿಗೆ ಏಟಿನ ಗುರುತು ಕಾಣತ್ತೆ. ದೀಪ ಎರಕದ್ದೇ ಇರ್ಬೇಕು, ಎತ್ತಿದ್ರೆ ಕೈ ಬಿದ್ದುಹೋಗತ್ತೆ ಅಷ್ಟು ಭಾರ. ದನಕ್ಕೂ ಇದಕ್ಕೂ ಏನು ಸಂಬಂಧ?

ಭದ್ರಾವತಿ ಬಾಯ್ಲರ್:
ಸಂಬಂಧ ಇದೆ, ಸ್ವಲ್ಪ ಉದ್ದ ಆಗತ್ತೆ ಓದಿ.

ಬ್ರಿಟಿಷರ ಕಾಲದಲ್ಲಿ ಸೈನ್ಯದವರು ಬಂದೂಕಿನ ಹಿತ್ತಾಳೆ ತೋಟಾಗಳನ್ನ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ತುಂಬಿಡ್ತಿದ್ರು. ಮಳೆಗಾಲ ಮುಗಿಸಿ ತೆಗೆದು ನೋಡಿದ್ರೆ ತೋಟಾ ಸೀಳ್ಕೊಂಡಿರ್ತಿತ್ತು. ನಮ್ಮ ದೇಶದಲ್ಲೇ ಆಗಿದ್ದಿದು. ಕಾರಣ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ. ಕುದುರೆ ಉಚ್ಚೆಯಿಂದ ಏಳೋ ಅಮೋನಿಯಾ, ಜೊತೆಗೆ ಮಳೆಗಾಲದ ತೇವ, ಅದಕ್ಕೆ ಸರಿಯಾಗಿ ಹಿತ್ತಾಳೆ ಒಳಗೆ ಮೊದಲೇ ಕೂತಿರೋ ಬಿಗಿತ. ತಗಡನ್ನ ಬಡಿದು, ಎಳೆದು ಆಕಾರಕ್ಕೆ ತಂದಾಗ ಲೋಹ ಒಳಗೊಳಗೇ ಎಳೆದಾಡ್ತಾ ಇರತ್ತೆ, ಹೊರಗಿಂದ ನೋಡೋಕೆ ಗೊತ್ತಾಗಲ್ಲ. ಅಮೋನಿಯಾ ತಾಗಿದ ಕಡೆ ಆ ಎಳೆತಕ್ಕೆ ಸೀಳು ಬಿಡತ್ತೆ. ಕೊಡದಲ್ಲಿ ಅತಿ ಹೆಚ್ಚು ಬಡಿಸ್ಕೊಂಡಿರೋ ಜಾಗ ಕಂಠ, ಅದಕ್ಕೇ ಅಲ್ಲೇ ಬಿರುಕು.

ಎರಕ ಹೊಯ್ದದ್ದಕ್ಕೆ ಬಡಿತ ಇಲ್ಲ, ಅಷ್ಟು ಬಿಗಿತಾನೂ ಇಲ್ಲ, ನಿಮ್ಮ ದೀಪ ಉಳೀತು. ಬರೀ ತಾಮ್ರಕ್ಕೆ ಈ ಕಾಟ ತೀರಾ ಕಡಿಮೆ, ಹಂಡೆ ಉಳೀತು. ಸತು ಜಾಸ್ತಿ ಇದ್ದಷ್ಟೂ ಹಿತ್ತಾಳೆಗೆ ಇದು ಜಾಸ್ತಿ. ಮಲೆನಾಡಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಕೊಟ್ಟಿಗೆ ಅಟ್ಟ ಅಂದ್ರೆ ಆ ಲಾಯಕ್ಕಿಂತ ಏನೂ ಕಮ್ಮಿ ಅಲ್ಲ. ಯಾರ ಕಣ್ಣೂ ಬಿದ್ದಿಲ್ಲ, ಅಮ್ಮಂಗೆ ಹೇಳಿ.

ತೀರ್ಥಹಳ್ಳಿ ತುಂಗೆ:
ಎಂತ ಮಾರಾಯ್ರೆ ಇದು!! ನಮ್ಮನೆ ಚೊಂಬುಗಳೆಲ್ಲ ಕೊಟ್ಟಿಗೆ ಪಕ್ಕದ ಉಗ್ರಾಣದಲ್ಲೇ ಇದೆ. ಹೋಗಿ ನೋಡ್ತೆ ಈಗ್ಲೇ.

ಗಾಂಧಿಬಜಾರ್ ಗಿರಾಕಿ:
ಹಾಗಾದ್ರೆ ಪಾತ್ರೆ ಒಳಗೆ ತವರ ಬಳಿಯೋ ಕಲಾಯಿಗೆ ಹಾಕೋ ನವಸಾಗರ? ಅದೂ ಅಮೋನಿಯಾದ್ದೇ ಅಲ್ವಾ ಸರ್? ಕಲಾಯಿ ಹಾಕ್ಸಿದ್ರೆ ಪಾತ್ರೆ ಸೀಳ್ಬೇಕಲ್ಲ? ಸಿಕ್ಕಿಬಿದ್ರಿ.

ಭದ್ರಾವತಿ ಬಾಯ್ಲರ್:
ಒಳ್ಳೆ ಪ್ರಶ್ನೆ, ಸಿಕ್ಕಿಬಿದ್ದಿಲ್ಲ. ನವಸಾಗರ ಅಮೋನಿಯಂ ಕ್ಲೋರೈಡೇ. ಆದ್ರೆ ಕೆಂಡದ ಮೇಲೆ ಕಾದ ಪಾತ್ರೆಗೆ ಅದನ್ನ ಉಜ್ಜೋದು ನಿಮಿಷಗಳ ಲೆಕ್ಕ, ಆಮೇಲೆ ನೀರಿಗೆ ಅದ್ದಿ ತೊಳೀತಾರೆ. ಬಿರುಕು ಬಿಡೋಕೆ ತಿಂಗಳುಗಟ್ಟಲೆ ತೇವದ ಜೊತೆ ಸಹವಾಸ ಬೇಕು. ಸಾಲದ್ದಕ್ಕೆ ಪ್ರತಿ ಸಲ ಕಾಯಿಸಿದಾಗ ಒಳಗಿನ ಬಿಗಿತಾನೂ ಒಂದಿಷ್ಟು ಸಡಿಲ ಆಗತ್ತೆ.

ಗಾಂಧಿಬಜಾರ್ ಗಿರಾಕಿ:
ಒಪ್ಪಿದೆ ಮೇಷ್ಟ್ರೇ.

ಅಡಕೆ ಸುಲಿಯೋನು:
ಸಾಗರದ ಹಳ್ಳಿಯಿಂದ. ಹಂಡೆ ಸುದ್ದಿ ಬಂತಲ್ಲ ಅದ್ಕೆ ಬರೀತಿದೀನಿ. ನಮ್ಮಲ್ಲಿ ಅಡಕೆ ಬೇಯಿಸೋಕೆ ಈಗ್ಲೂ ತಾಮ್ರದ ಹಂಡೆನೇ, ಚೊಗರು (ಹಿಂದೆ ಅಡಕೆ ಬೇಯಿಸಿ ಉಳಿದ ಗಟ್ಟಿ ರಸ) ಹಾಕಿ ಬೇಯಿಸಿದ್ರೆ ಬರೋ ಬಣ್ಣ ಬೇರೆ. ಹೊಸ ನಮೂನೆ ಬಾಯ್ಲರ್ ತಂದವರಿದಾರೆ, ಅವರದ್ದು ಅವರಿಗೆ. ಆದ್ರೆ ಸುಗ್ಗೀಲಿ ಹಂಡೆ ಹೊರಗೆ ಒಲೆ ಮೇಲೇ ಬಿಟ್ಟು ಮಲಗೋ ಹಾಗಿಲ್ಲ. ತಾಮ್ರಕ್ಕೆ ರೇಟ್ ಬಂದ್ಮೇಲೆ ಕಳ್ಳರ ಕಣ್ಣು ಅಡಕೆ ಚೀಲ ಬಿಟ್ಟು ಹಂಡೆ ಮೇಲೆ. ಪಕ್ಕದ ಮನೇದು ಹೋಯ್ತು ಹಿಂದಿನ ಸಲ, ಅಷ್ಟು ದೊಡ್ಡದನ್ನ ಹೆಂಗೆ ಹೊತ್ರೋ ದೇವ್ರೇ ಬಲ್ಲ, ನಾಯಿ ಕೂಡ ಬೊಗಳಲಿಲ್ಲ.

ಮುಳುಗಡೆ ಮೊಮ್ಮಗ:
ಹಂಡೆ ಅಂದ್ಕೂಡ್ಲೇ ನಮ್ಮಜ್ಜಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತಲ್ಲ, ಶರಾವತಿ ದಂಡೆ ಮೇಲಿದ್ದ ನಮ್ಮೂರು ಮುಳುಗ್ತು. ಮನೆ ಬಿಟ್ಟು ಹೊರಡೋವಾಗ ಲಾರೀಲಿ ಜಾಗ ಇಲ್ಲ, ಬಾಗಿಲು ಕಂಬ ಕಿತ್ತು ತಂದ್ರೆ ಹೊಸ ಜಾಗದಲ್ಲಿ ಮನೆ ಕಟ್ಬಹುದು ಅಂತ ಅಜ್ಜ, ಹಂಡೆ ಬಿಟ್ಟು ನಾನು ಹತ್ತಲ್ಲ ಅಂತ ಅಜ್ಜಿ. ಕೊನೆಗೆ ಹಂಡೆ ಒಳಗೇ ಸಣ್ಣ ಪಾತ್ರೆ, ಅಕ್ಕಿ, ದೇವರ ಪೆಟ್ಟಿಗೆ ತುಂಬಿ ತಂದ್ರಂತೆ. ಹೊಸ ಊರಲ್ಲಿ ಮಳೆಗಾಲ ಶುರು ಆದ್ರೂ ಸೂರಿಲ್ಲ, ಜೋಪಡೀಲಿ ಆ ಹಂಡೆನೇ ಕಣಜ. ಹಕ್ಕುಪತ್ರದ ಫೈಲ್ ಇನ್ನೂ ಓಡಾಡ್ತಾನೇ ಇದೆ, ಅದು ಬೇರೆ ಕಥೆ, ಇಲ್ಲಿ ಬೇಡ.

ಅದನ್ನ ಗುಜರಿಗೆ ಕೊಡು ಅಂತ ಯಾರಾದ್ರೂ ಅಂದ್ರೆ ನಮ್ಮನೇಲಿ ಊಟ ಇಲ್ಲ ಅವರಿಗೆ.

ತೋಟದಮನೆ ತಂಗಿ:
ಓದಿ ಸುಮ್ನೆ ಕೂತೆ. ನಮ್ಮನೆಯವ್ರಿಗೂ ಓದಿಸ್ದೆ. ಆದ್ರೆ ಅಡುಗೆ ವಿಷಯ ಯಾರೂ ಹೇಳ್ಲೇ ಇಲ್ವಲ್ಲ?

ಬೆಂಗ್ಳೂರಿಗೆ ಹೋದೋನು:
ಅಡುಗೆ ಯಾಕೆ ಮೇಡಂ? ಹಂಡೆಗೆ ಗಿಡ ಹಾಕಿ ಬಾಗಿಲ ಪಕ್ಕ ಇಡಿ, ಇಲ್ಲಿ ಅದೇ ಟ್ರೆಂಡು. ಕೊಡಕ್ಕೆ ಲೈಟ್ ಹಾಕ್ಸಿ. ನಾನು ಗಿಂಡೀಲಿ ಮನಿಪ್ಲಾಂಟ್ ಇಟ್ಟಿದೀನಿ ಸೂಪರ್ ಆಗಿದೆ. ಎಲ್ಲಾದಕ್ಕೂ ಲ್ಯಾಕರ್ ಹೊಡೆಸಿದ್ರೆ ತಿಕ್ಕೋ ರಗಳೆನೇ ಇಲ್ಲ.

ಕೊಪ್ಪದ ಕಾಫಿಗಿಡ:
ದೇವರಿಗೆ ನೀರು ಬಿಡೋ ಗಿಂಡೀಲಿ ಮನಿಪ್ಲಾಂಟು. ಅಮ್ಮಂಗೆ ಗೊತ್ತಾ ಇದು?

ಬೆಂಗ್ಳೂರಿಗೆ ಹೋದೋನು:
ಅಟ್ಟದಲ್ಲಿ ಕಿಲುಬು ಹಿಡಿಯೋದಕ್ಕಿಂತ ವಾಸಿ ಅಲ್ವಾ ಸರ್. ನೀವು ಎಷ್ಟು ದಿನ ಬಳಸ್ತೀರಿ ನಿಮ್ಮನೆ ಗಿಂಡಿ? ವರ್ಷಕ್ಕೊಂದು ಸಲ ಹಬ್ಬಕ್ಕೆ. ನಾನು ದಿನಾ ನೋಡ್ತೀನಿ, ದಿನಾ ಒರೆಸ್ತೀನಿ.

ಸೊರಬದ ಸಂಗ್ರಹ:
ಇಬ್ರೂ ನಿಲ್ಸಿ. ಅವರ ಮಾತಲ್ಲೂ ಅರ್ಥ ಇದೆ. ಆದ್ರೆ ಲ್ಯಾಕರ್ ಹೊಡೆಸಿದ್ದರಲ್ಲಿ ಆಮೇಲೆ ತಿನ್ನೋ ಪದಾರ್ಥ ಹಾಕ್ಬೇಡಿ, ಒಲೆಗಂತೂ ಇಡ್ಲೇಬೇಡಿ. ಮತ್ತೆ ಗಿಡಕ್ಕೆ ಹಾಕೋ ಗೊಬ್ಬರದಲ್ಲೂ ಅಮೋನಿಯಾ ಇರತ್ತೆ, ಮೇಲೆ ಭದ್ರಾವತಿ ಸರ್ ಬರೆದಿದ್ದು ಇನ್ನೊಂದ್ಸಲ ಓದಿ ಆಮೇಲೆ ಗಿಂಡಿಗೆ ಯೂರಿಯಾ ಹಾಕಿ.

ಬೆಂಗ್ಳೂರಿಗೆ ಹೋದೋನು:
ಅಯ್ಯೋ.

ಮಕ್ಕಳ ಡಾಕ್ಟ್ರು:
ಅಡುಗೆ ವಿಷಯ ನಾನು ಹೇಳ್ತೀನಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಬೇಡ. ಸಾರು, ಹುಳಿ, ತಂಬುಳಿ, ಮಜ್ಜಿಗೆ, ಮೊಸರು, ಉಪ್ಪಿನಕಾಯಿ ಯಾವ್ದೂ ಬೇಡ. ಹುಳಿಗೆ ತಾಮ್ರ ಕರಗತ್ತೆ, ವಾಕರಿಕೆ, ವಾಂತಿ, ಹೊಟ್ಟೆನೋವು ಬರತ್ತೆ. ಕಿಲುಬು ಕಂಡ ಪಾತ್ರೇನ ಪೂರ್ತಿ ತೆಗೆದು ಕಲಾಯಿ ಹಾಕ್ಸೋ ತನಕ ಅಡುಗೆಮನೆಗೆ ತರ್ಬೇಡಿ.

ಎಲ್ಲಕ್ಕಿಂತ ಮುಖ್ಯ, ಎಳೆ ಮಕ್ಕಳಿಗೆ ಕೊಡೋ ಹಾಲನ್ನ ಹಿತ್ತಾಳೆ ತಾಮ್ರದಲ್ಲಿ ಕಾಯಿಸೋದು, ಇಡೋದು ಎರಡೂ ಬೇಡ. ಹಿಂದೆ ನಮ್ಮ ದೇಶದಲ್ಲಿ ಪುಟ್ಟ ಮಕ್ಕಳಿಗೆ ಲಿವರ್ ಗಟ್ಟಿಯಾಗಿ ಸಾಯೋ ಕಾಯಿಲೆ ಇತ್ತು, ಎಷ್ಟೋ ಮನೇಲಿ ಒಂದರ ಹಿಂದೆ ಒಂದು ಮಗು ಹೋಗಿದೆ. 1980ರ ದಶಕದಲ್ಲಿ ಪುಣೆ ಕಡೆ ನಡೆದ ಅಧ್ಯಯನಗಳಲ್ಲಿ ಆ ಮಕ್ಕಳ ಲಿವರಲ್ಲಿ ತಾಮ್ರ ವಿಪರೀತ ಇರೋದಕ್ಕೂ, ಹಿತ್ತಾಳೆ ತಾಮ್ರದಲ್ಲಿ ಕಾಯಿಸಿದ ಹಾಲನ್ನ ಹಸುಗೂಸಿನಿಂದಲೇ ಕುಡಿಸ್ತಿದ್ದಕ್ಕೂ ನಂಟು ಕಾಣ್ತು. ಹಾಲಿನ ಪ್ರೋಟೀನ್ ತಾಮ್ರಾನ ಹಿಡ್ಕೊಳತ್ತೆ. ಸ್ಟೀಲು ಅಲ್ಯೂಮಿನಿಯಂ ಬಂದು ಪಾತ್ರೆ ಬದಲಾದ ಹಾಗೆ ಆ ಕಾಯಿಲೆನೂ ಹೆಚ್ಚುಕಮ್ಮಿ ಮಾಯ ಆಯ್ತು. ಸ್ಟೀಲನ್ನ ಬೈಯೋವಾಗ ಇದೂ ನೆನಪಿರ್ಲಿ.

ಅಡಕೆ ಸುಲಿಯೋನು:
ಡಾಕ್ಟ್ರೇ ನಮ್ಮಜ್ಜ ತೊಂಬತ್ತು ದಾಟಿದ್ರು, ಹುಟ್ಟಿದಾಗಿಂದ ಹಿತ್ತಾಳೆ ಕಂಚಲ್ಲೇ ಉಂಡಿದ್ದು. ಈಗಿನವರು ನಾನ್‌ಸ್ಟಿಕ್ಕಲ್ಲಿ ಉಂಡು ಐವತ್ತಕ್ಕೇ ಸ್ಟೆಂಟ್ ಹಾಕಿಸ್ಕೊಳ್ತಾರೆ. ಎಲ್ಲಾದಕ್ಕೂ ಹೆದರಿಸ್ತೀರಿ ನೀವು.

ಮಕ್ಕಳ ಡಾಕ್ಟ್ರು:
ನಿಮ್ಮಜ್ಜನ ಪಾತ್ರೆಗೆ ನಿಮ್ಮಜ್ಜಿ ವರ್ಷ ವರ್ಷ ಕಲಾಯಿ ಹಾಕಿಸ್ತಿದ್ರು ಸ್ವಾಮಿ. ಬದುಕಿದ ಅಜ್ಜ ಮಾತ್ರ ಕಥೆ ಹೇಳೋಕೆ ಇರ್ತಾರೆ, ಎರಡನೇ ವರ್ಷಕ್ಕೇ ಹೋದ ಅಜ್ಜನ ತಮ್ಮ ತಂಗಿ ಎಷ್ಟು ಜನ ಅಂತ ಮನೇಲಿ ಹಿರಿಯರನ್ನ ಕೇಳಿ ನೋಡಿ. ದೊಡ್ಡೋರಿಗೆ, ಆರೋಗ್ಯವಂತರಿಗೆ, ಕಲಾಯಿ ಹಾಕಿದ ಪಾತ್ರೇಲಿ ಅಡುಗೆ ಮಾಡಿ ಬಡಿಸಿ, ನಾನು ಬೇಡ ಅಂದೇ ಇಲ್ವಲ್ಲ. ವಿಲ್ಸನ್ ಕಾಯಿಲೆ ಅಂತ ಒಂದಿದೆ, ದೇಹದಿಂದ ತಾಮ್ರ ಸರಿಯಾಗಿ ಹೊರಗೆ ಹೋಗಲ್ಲ, ಅಂಥವರು ತಾಮ್ರದ ಚೊಂಬಿನ ನೀರೂ ಮುಟ್ಟಬಾರದು.

ಅಡಕೆ ಸುಲಿಯೋನು:
ಅಜ್ಜನ ಜೊತೆ ಹುಟ್ಟಿದವರಲ್ಲಿ ಮೂರು ಹೋಗಿದ್ದು ನಿಜ. ಕಾರಣ ಯಾರಿಗೆ ಗೊತ್ತು. ಸರಿ ಬಿಡಿ.

ತೀರ್ಥಹಳ್ಳಿ ತುಂಗೆ:
ತಾಮ್ರದ ಚೊಂಬಿನ ನೀರು ಒಳ್ಳೇದು ಅಂತ ದಿನಾ ವಾಟ್ಸಾಪಲ್ಲಿ ಬರ್ತದೆ, ಕೂದಲು ಕಪ್ಪಾಗ್ತದೆ, ತೂಕ ಇಳೀತದೆ, ಮಂಡಿನೋವು ಹೋಗ್ತದೆ ಅಂತೆಲ್ಲ. ಅದು ಸುಳ್ಳಾ ಹಾಗಾದ್ರೆ ಡಾಕ್ಟ್ರೇ?

ಮಕ್ಕಳ ಡಾಕ್ಟ್ರು:
ಕೂದಲು ಮಂಡಿ ಎಲ್ಲ ಬಿಡಿ. ಬ್ಯಾಕ್ಟೀರಿಯಾ ಸಾಯೋದು ಮಾತ್ರ ನಿಜ. 2012ರಲ್ಲಿ ಬೆಂಗಳೂರಿನ ಸಂಶೋಧಕರೇ ತೋರ್ಸಿದ್ದು, ಭೇದಿ ತರೋ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನ ತಾಮ್ರದ ಪಾತ್ರೇಲಿ 16 ಗಂಟೆ ಇಟ್ರೆ ಒಂದೂ ಉಳೀಲಿಲ್ಲ, ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಲೀಟರಿಗೆ 2 ಮಿಲಿಗ್ರಾಂ ಮಿತಿಗಿಂತ ಎಷ್ಟೋ ಕೆಳಗೆ ಇತ್ತು. ರಾತ್ರಿ ತುಂಬಿಸಿ ಬೆಳಿಗ್ಗೆ ಕುಡೀರಿ. ಬರೀ ನೀರು ಮಾತ್ರ. ನಿಂಬೆ ಹಿಂಡಿ ಜೇನು ಹಾಕಿ ತಾಮ್ರದ ಬಾಟಲೀಲಿ ಆಫೀಸಿಗೆ ತಗೊಂಡು ಹೋಗೋರಿದಾರಲ್ಲ, ಅದು ಬೇಡ.

ಗಾಂಧಿಬಜಾರ್ ಗಿರಾಕಿ:
ಇವತ್ತೇ ಆಫೀಸಲ್ಲಿ ಒಬ್ರ ಕೈಯಿಂದ ಬಾಟ್ಲಿ ಕಿತ್ಕೊಳ್ತೀನಿ.

ಸೊರಬದ ಸಂಗ್ರಹ:
ಈಗ ಸಂಗ್ರಹದ ಮಾತಿಗೆ ಬರೋಣ. ಹಳೇ ಲೋಹದ ಸಾಮಾನಿನ ಹಿಂದೆ ಬಿದ್ದು ನನ್ನ ಕೂದಲು ಬೆಳ್ಳಗಾಗಿದೆ, ಹೆಂಡತಿ ಹತ್ರ ಬೈಸ್ಕೊಂಡಿದ್ದಕ್ಕೆ ಲೆಕ್ಕ ಇಲ್ಲ.

ತಂಗಿಯವ್ರೆ, ಮೊದಲು ಎಲ್ಲಾನೂ ಬೆಳಕಲ್ಲಿಟ್ಟು ನೋಡಿ. ಅಯಸ್ಕಾಂತ ಹಿಡೀರಿ, ಅಂಟ್ಕೊಂಡ್ರೆ ಅದು ಕಬ್ಬಿಣಕ್ಕೆ ಹಿತ್ತಾಳೆ ಲೇಪ, ಈಗಿನ ಶೋಕಿ ಸಾಮಾನಲ್ಲಿ ಇಂಥದ್ದು ಬೇಕಾದಷ್ಟು. ಕಂಚಿನ ಬಟ್ಟಲನ್ನ ಬೆರಳ ತುದೀಲಿ ಎತ್ತಿ ಹಿಡಿದು ತಟ್ಟಿ, ದನಿ ಉದ್ದಕ್ಕೆ ಎಳೀತು ಅಂದ್ರೆ ಒಳ್ಳೆ ಕಂಚು. ತಾಮ್ರಕ್ಕೆ ತವರ ಸೇರಿಸಿದ್ದು ಅದು, ಗಂಟೆಯ ಲೋಹನೂ ಅದೇ. ಆದ್ರೆ ಕಲ್ಲು ನೆಲಕ್ಕೆ ಬಿದ್ರೆ ಒಡೆದೇ ಹೋಗತ್ತೆ, ಹಿತ್ತಾಳೆ ಥರ ನೆಗ್ಗಲ್ಲ, ಜೋಪಾನ. ಕೊಡ ಚೊಂಬಿನ ಮೇಲೆ ಒಂದೇ ಸಮ ಸುತ್ತು ಗೆರೆ ಇದ್ರೆ ಯಂತ್ರಕ್ಕೆ ಹಾಕಿ ತಿರುಗ್ಸಿದ್ದು. ಏಟು ಹೆಚ್ಚುಕಮ್ಮಿ ಕಂಡ್ರೆ ಕೈಯಲ್ಲಿ ಬಡಿದದ್ದು. ಹಂಡೆಯ ಬುಡ ಪಕ್ಕೆ ಸೇರೋ ಕಡೆ ಹಲ್ಲು ಹಲ್ಲು ಕಚ್ಚಿಸಿ ಬೆಸೆದಿದ್ಯಾ ನೋಡಿ, ಹಾಗಿದ್ರೆ ಹಳೇ ಕಂಚುಗಾರರ ಕೈಕೆಲಸ, ಅದನ್ನ ಕೊಡೋದು ಹಾಗಿರ್ಲಿ ಯಾರಿಗೂ ತೋರ್ಸೋಕೂ ಹೋಗ್ಬೇಡಿ.

ಸೇರು ಪಾವಿನ ಮೇಲೆ ಸರ್ಕಾರಿ ಮುದ್ರೆ ಇದ್ರೆ ನನಗೆ ಫೋಟೋ ಹಾಕಿ. 1956ರ ತೂಕ ಅಳತೆ ಕಾಯ್ದೆ ಬಂದು 1962ರ ಹೊತ್ತಿಗೆ ಮೆಟ್ರಿಕ್ ಕಡ್ಡಾಯ ಆದ್ಮೇಲೆ ಅಂಗಡೀಲಿ ಸೇರು ಪಾವು ನಡೀಲಿಲ್ಲ, ಹಾಗಾಗಿ ಮುದ್ರೆ ಒತ್ತಿದ ಸೇರು ಅದಕ್ಕೂ ಹಿಂದಿಂದೇ ಅನ್ನೋ ಅಂದಾಜು ಸಿಗತ್ತೆ. ಪಾತ್ರೆ ಮೇಲೆ ಚುಕ್ಕಿ ಚುಕ್ಕಿ ಕೊರೆದ ಹೆಸರು, ಇಸವಿ ಇದ್ರೆ ಅದೇ ಅದರ ಜಾತಕ. ಹೊಳೆಸೋ ಭರದಲ್ಲಿ ಬಫಿಂಗ್ ಮಿಷನ್ನಿಗೆ ಕೊಟ್ರೆ ಅಕ್ಷರ ಸವೆದು ಹೋಗತ್ತೆ. ನನ್ನ ಲೆಕ್ಕ ಇಷ್ಟೇ, ದಿನಬಳಕೇದು ತಿಕ್ಕಿ, ಪೂಜೇದು ತಿಕ್ಕಿ, ಉಳಿದದ್ದರ ಧೂಳು ಒರೆಸಿ ಹಾಗೇ ಬಿಡಿ. ನೂರು ವರ್ಷದ ಕಂದು ಬಣ್ಣ ಒಂದು ಮಧ್ಯಾಹ್ನದಲ್ಲಿ ಹೋಗತ್ತೆ, ಮತ್ತೆ ಬರೋಕೆ ಇನ್ನೊಂದು ನೂರು ವರ್ಷ.

ಶೃಂಗೇರಿ ಸೊಸೆ:
ಇದು ಗಂಡಸ್ರು ಹೇಳೋ ಮಾತು ಸರ್. ಕಪ್ಪು ಪಾತ್ರೆ ಕಪಾಟಲ್ಲಿಟ್ರೆ ಬಂದ ನೆಂಟ್ರು ಮನೆ ಹೆಂಗಸ್ರ ಬಗ್ಗೆ ಮಾತಾಡ್ತಾರೆ, ನಿಮ್ಮ ಬಗ್ಗೆ ಅಲ್ಲ.

ಸೊರಬದ ಸಂಗ್ರಹ:
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಮುಳುಗಡೆ ಮೊಮ್ಮಗ:
ಹಹ್ಹಾ. ಹಾಗಾದ್ರೆ ತಿಕ್ಕೋ ಕೆಲಸ ಸಂಗ್ರಹದವರೇ ಮಾಡ್ಲಿ, ಎರಡೂ ಕಡೆ ಸಮಸ್ಯೆ ಮುಗೀತು.

ತೋಟದಮನೆ ತಂಗಿ:
ಸೊರಬದವ್ರೆ, ಹಂಡೆ ಬುಡದಲ್ಲಿ ನೀವು ಹೇಳಿದ ಹಾಗೇ ಹಲ್ಲು ಹಲ್ಲು ಇದೆ! ಸೇರಿನ ಮೇಲೆ ಏನೋ ಮುದ್ರೆ ಇದೆ, ಸವೆದಿದೆ. ಇನ್ನೊಂದು ತಮಾಷೆ ಕೇಳಿ, ತಪ್ಪಲೆಗಳನ್ನ ಮಗುಚಿ ನೋಡಿದ್ರೆ ಎರಡರ ಮೇಲೆ ನಮ್ಮನೆ ಹೆಸರೇ ಇಲ್ಲ, ಗುಡ್ಡದಾಚೆ ಮನೆಯವರ ಹೆಸರು. ಅಮ್ಮಂಗೆ ಫೋನ್ ಮಾಡಿದ್ರೆ ಅಯ್ಯೋ ಅದು ನಿನ್ನ ದೊಡ್ಡಪ್ಪನ ಮದುವೆಗೆ ತಂದಿದ್ದು, ಕೊಡೋದು ಮರ್ತೇ ಹೋಯ್ತು ಅಂತಾರೆ. ದೊಡ್ಡಪ್ಪನ ಮೊಮ್ಮಗನ ಮದುವೆನೇ ಆಗಿಹೋಯ್ತು.

ಕೊಪ್ಪದ ಕಾಫಿಗಿಡ:
ಆ ಮನೆಯವರಿಗೆ ನೆನಪಿರ್ತದೆ ನೋಡಿ. ನಮ್ಮಮ್ಮಮ್ಮ ಯಾರ ಮನೇಲಿ ನಮ್ಮದು ಯಾವ ಸೌಟು ಉಳೀತು ಅಂತ ಸಾಯೋವರೆಗೂ ಬಾಯಲ್ಲೇ ಲೆಕ್ಕ ಇಟ್ಟಿದ್ರು. ಆ ಮನೆಗಳಿಗೆ ಊಟಕ್ಕೆ ಹೋದ್ರೆ ಬಡಿಸೋವಾಗ ಸೌಟಿನ ಹಿಡಿ ನೋಡೋದು.

ಹೊಸ ಸದಸ್ಯ 77:
ನಮಸ್ತೆ. ಹಳೇ ತಾಮ್ರದ ಚೊಂಬು, ತಂಬಿಗೆ ಇದ್ದವರು ತಿಳಿಸಿ. ಅಕ್ಕಿ ಕಾಳನ್ನು ಎಳೆಯುವ ಶಕ್ತಿ ಇದ್ದರೆ ಕೋಟಿಗಟ್ಟಲೆ ಬೆಲೆ. ಟೆಸ್ಟಿಂಗ್ ನಾವೇ ಮಾಡಿಸುತ್ತೇವೆ.

ಗಾಂಧಿಬಜಾರ್ ಗಿರಾಕಿ:
ಬಂದ ನೋಡಿ ರೈಸ್ ಪುಲ್ಲಿಂಗ್ ಅಣ್ಣ!!

ಅಡಕೆ ಸುಲಿಯೋನು:
ತಂಗಿಯವ್ರೆ ಇದಕ್ಕೆ ಉತ್ತರಾನೂ ಕೊಡ್ಬೇಡಿ. ನಮ್ಮ ಕಡೆ ಒಬ್ರು ತೋಟ ಅಡ ಇಟ್ಟು ಟೆಸ್ಟಿಂಗ್ ಫೀಸು ಅಂತ ಕಟ್ಟಿದ್ರು, ಮೊದ್ಲು ಸ್ವಲ್ಪ, ಆಮೇಲೆ ವಿಜ್ಞಾನಿ ಬರ್ತಾರೆ ಅದಕ್ಕೊಂದಿಷ್ಟು, ಆಮೇಲೆ ವಿದೇಶದ ಪಾರ್ಟಿ ಬರತ್ತೆ ಅದಕ್ಕೊಂದಿಷ್ಟು, ಕೊನೆಗೆ ಯಾರ ಫೋನೂ ಇಲ್ಲ. ತಂಬಿಗೆ ಮಾತ್ರ ಮನೇಲೇ ಇದೆ. ಅಕ್ಕಿ ಎಳೆಯೋ ತಾಮ್ರ ಅಂತ ಯಾವ್ದೂ ಇಲ್ಲ.

ಭದ್ರಾವತಿ ಬಾಯ್ಲರ್:
ತಾಮ್ರಕ್ಕೆ ಕಬ್ಬಿಣಾನೇ ಎಳೆಯೋ ಶಕ್ತಿ ಇಲ್ಲ, ಅಕ್ಕಿ ಎಲ್ಲಿಂದ. ಇರಿಡಿಯಂ, ಸಿಡಿಲು ಹೊಡೆದ ತಾಮ್ರ ಅಂತೆಲ್ಲ ಕಥೆ ಕಟ್ತಾರೆ. ಪೊಲೀಸರು ಎಷ್ಟೋ ಜನರನ್ನ ಹಿಡಿದಿದಾರೆ, ಆದ್ರೂ ಬೀಳೋರು ಬೀಳ್ತಾನೇ ಇದಾರೆ.

ಸೊರಬದ ಸಂಗ್ರಹ:
ಮಾರೋ ಮಾತು ಬಂತಲ್ಲ, ಇನ್ನೊಂದು ಗೊತ್ತಿರ್ಲಿ. ಹಿಸ್ಸೇಲಿ ದೇವರ ವಿಗ್ರಹ ಬಂದಿದ್ದು ನೂರು ವರ್ಷಕ್ಕಿಂತ ಹಳೇದಾದ್ರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೋಂದಣಿ ಆಗ್ಬೇಕು, ವಿದೇಶಕ್ಕೆ ಕಳಿಸೋ ಹಾಗೇ ಇಲ್ಲ. ಫಾರಿನ್ನಲ್ಲಿರೋ ಮಗಳಿಗೆ ಅಂತ ಸೂಟ್‌ಕೇಸಲ್ಲಿ ಹಾಕಿ ಏರ್‌ಪೋರ್ಟಲ್ಲಿ ಸಿಕ್ಕಿಬೀಳ್ಬೇಡಿ. ಮತ್ತೆ ಬಿಡುವಿದ್ರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡ್ಕೊಂಡು ಬನ್ನಿ, ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನೇ ಬಿಚ್ಚಿ ತಂದು ನಿಲ್ಸಿದ್ದು. ಅದನ್ನ ನೋಡಿ ಬಂದ ಮೇಲೆ ಗುಜರಿ ಅಂಗಡಿ ಮುಂದೆ ಹಾದು ಹೋಗೋದೇ ಕಷ್ಟ ಆಗತ್ತೆ.

ತೋಟದಮನೆ ತಂಗಿ:
ಮನೆಯವ್ರು ಹಂಡೆ ವಿಷಯದಲ್ಲಿ ಸೋತ್ರು. ಈಗ ಬಿರುಕು ಬಿಟ್ಟ ಕೊಡಕ್ಕೆ ಏನು ಮಾಡ್ಲಿ, ಮತ್ತೆ ಶಿವಮೊಗ್ಗದಲ್ಲಿ ಕಲಾಯಿ ಹಾಕೋರು ಯಾರಾದ್ರೂ ಉಳಿದಿದಾರಾ?

ಭದ್ರಾವತಿ ಬಾಯ್ಲರ್:
ಕೊಡ ಬೆಸುಗೆ ಹಾಕಿಸ್ಬಹುದು, ಆದ್ರೆ ಸೀಸ ಸೇರಿದ ಬೆಸುಗೆ ಆದ್ರೆ ಕುಡಿಯೋ ನೀರಿಗೆ ಬೇಡ. ನೀರು ಹಾಕ್ಬೇಕು ಅಂತಿದ್ರೆ ಹಿತ್ತಾಳೆ ಬೆಸುಗೆನೇ ಹಾಕ್ಸಿ. ಇಲ್ದಿದ್ರೆ ಅಕ್ಕಿ ಮೇಲೆ ಕಳಶ ಇಡೋಕೆ ಬಳಸಿ. ಉಳಿದ ಹಿತ್ತಾಳೇನ ಕೊಟ್ಟಿಗೆ, ಕೋಳಿಗೂಡು, ಗೊಬ್ಬರದ ಚೀಲ, ಟಾಯ್ಲೆಟ್ ಕ್ಲೀನರ್ ಇವುಗಳಿಂದ ದೂರ ಇಡಿ.

ತೀರ್ಥಹಳ್ಳಿ ತುಂಗೆ:
ನೋಡ್ಕೊಂಡು ಬಂದೆ. ಎರಡು ಚೊಂಬಿನ ಅಂಚು ಸೀಳಿದೆ! ಉಳಿದದ್ದೆಲ್ಲ ಎತ್ತಿ ನಡುಮನೆಗೆ ತಂದೆ, ಅಪ್ಪ ಎಂತ ಆಯ್ತು ನಿಂಗೆ ಅಂತ ಕೇಳ್ತಿದ್ರು.

ಕೊಪ್ಪದ ಕಾಫಿಗಿಡ:
ಕಲಾಯಿಗೆ ನಮ್ಮೂರಿಗೆ ಮುಂಚೆ ಕಲಾಯಿ ಸಾಬ್ರು ಬರ್ತಿದ್ರು, ದೀಪಾವಳಿಗೆ ಮುಂಚೆ ಸರಿಯಾಗಿ. ಅಂಗಳದಲ್ಲಿ ಗುಂಡಿ ತೋಡಿ ಗಾಳಿ ಊದೋ ತಿದಿ ಹೂತು ಇದ್ದಿಲು ಹೊತ್ತಿಸಿದ್ರೆ ಊರ ಮಕ್ಕಳೆಲ್ಲ ಸುತ್ತ. ಕಾದ ಪಾತ್ರೆಗೆ ನವಸಾಗರ ಹಾಕಿದ ಕೂಡ್ಲೇ ಭುಸ್ ಅಂತ ಬಿಳಿ ಹೊಗೆ, ತವರದ ಕಡ್ಡಿ ಮುಟ್ಟಿಸಿ ಹತ್ತೀಲಿ ಒಂದು ಸುತ್ತು ಒರೆಸಿದ್ರೆ ಒಳಗೆಲ್ಲ ಬೆಳ್ಳಿ. ನೀರು ತುಂಬೋ ಹಬ್ಬಕ್ಕೆ ಹಂಡೆ ತೊಳೆದು ಹಿಂಡ್ಲೆಕಾಯಿ ಬಳ್ಳಿ ಕಟ್ಟೋವಷ್ಟರಲ್ಲಿ ಅಡುಗೆ ಪಾತ್ರೆನೂ ತಯಾರು.

ಶೃಂಗೇರಿ ಸೊಸೆ:
ಕಲಾಯಿ ಹಾಕಿದ್ಮೇಲೆ ಒಗ್ಗರಣೆ ಹಾಕ್ಬಹುದಾ ಅದ್ರಲ್ಲಿ?

ಭದ್ರಾವತಿ ಬಾಯ್ಲರ್:
ಬೇಡ. ತವರ ಕರಗೋದು 232 ಡಿಗ್ರಿಗೆ. ನೀರಿರೋ ತನಕ ಪಾತ್ರೆ 100 ಡಿಗ್ರಿ ಆಸುಪಾಸಲ್ಲೇ ಇರತ್ತೆ, ಖಾಲಿ ಪಾತ್ರೆ ಗ್ಯಾಸ್ ಮೇಲೆ ಬಿಟ್ರೆ ಸ್ವಲ್ಪ ಹೊತ್ತಲ್ಲೇ ಅಷ್ಟು ಕಾಯತ್ತೆ, ಕಲಾಯಿ ಹನಿ ಹನಿಯಾಗಿ ಸೇರ್ಕೊಳತ್ತೆ. ಒಗ್ಗರಣೆ ಬೇರೆ ಕಬ್ಬಿಣದ ಸೌಟಲ್ಲಿ ಮಾಡಿ ಹಾಕಿ, ಮರದ ಸೌಟಲ್ಲಿ ತಿರುವಿ, ಸ್ಟೀಲ್ ನಾರು ಮುಟ್ಟಿಸ್ಬೇಡಿ. ಹಾಕ್ಸೋವಾಗ ತವರ ಶುದ್ಧ ಇದ್ಯಾ ನೋಡ್ಕೊಳಿ, ದುಡ್ಡು ಉಳಿಸೋಕೆ ಸೀಸ ಬೆರೆಸೋರಿದಾರೆ. ಶುದ್ಧ ತವರದ ಕಡ್ಡಿ ಕಿವಿ ಹತ್ರ ಹಿಡಿದು ಬಗ್ಗಿಸಿದ್ರೆ ಕಿರ್ ಕಿರ್ ಅಂತ ಶಬ್ದ ಬರತ್ತೆ.

ಅಡಕೆ ಸುಲಿಯೋನು:
ಸಾಗರದ ಸಂತೆಗೆ ಒಬ್ರು ಕಲಾಯಿಯವರು ಬರೋದುಂಟು, ನಾನು ವಿಚಾರಿಸ್ತೀನಿ. ಎರಡು ಪಾತ್ರೆಗೆ ಅಂತ ಕರೆದ್ರೆ ಬರಲ್ಲ, ಹತ್ತಿಪ್ಪತ್ತು ಒಟ್ಟಾದ್ರೆ ಮನೆಗೇ ಬರ್ತಾರೆ. ಯಾರ್ಯಾರದು ಎಷ್ಟಿದೆ ಬರೀರಿ. ನಮ್ಮಂಗಳ ಇದೆ, ಊಟ ನಮ್ಮನೇದೇ.

ತೋಟದಮನೆ ತಂಗಿ:
ನಂದು ಆರು ತಪ್ಪಲೆ, ಗುಡ್ಡದಾಚೆ ಮನೆಯವರದ್ದೂ ಸೇರಿ. ಕಲಾಯಿ ಹಾಕ್ಸೇ ವಾಪಸ್ ಕೊಡ್ತೀನಿ ಅವರಿಗೆ.

ತೀರ್ಥಹಳ್ಳಿ ತುಂಗೆ:
ನಂದು ನಾಲ್ಕು.

ಗಾಂಧಿಬಜಾರ್ ಗಿರಾಕಿ:
ಪಾತ್ರೆ ಒಂದೂ ಇಲ್ಲ, ಊಟಕ್ಕೆ ಬರ್ಬಹುದಾ?

ಅಡಕೆ ಸುಲಿಯೋನು:
ಬನ್ನಿ, ತಿದಿ ಒತ್ತೋಕೆ ಜನ ಬೇಕು.